ಗುರುವಾರಕ್ಕೆಂದು ಕಟ್ಟಿದ ಪಾಠ

ಇನ್ಸ್‌ಪೆಕ್ಟರ್ ಸಾಹೇಬರು ಬರುವ ಗುರುವಾರ ನನ್ನ ಇಂಗ್ಲಿಷ್ ಪಾಠ ನೋಡುತ್ತಾರೆ ಎಂದು ಹೆಡ್‌ಮಾಸ್ತರರು ಶನಿವಾರವೇ ನನ್ನನ್ನು ಕರೆದು ಹೇಳಿದರು. ರೋಣದ ಹೈಸ್ಕೂಲಿನ ಉಳಿದ ಮಾಸ್ತರರಿಗೆ ತನಿಖೆ ಎಂದರೆ ಜ್ವರ ಬಂದಷ್ಟು ಸಂಕಟ. ನಾನು ಮಾತ್ರ ಎರಡು ತಿಂಗಳಿಂದ ಅದರ ದಾರಿ ಕಾಯುತ್ತಿದ್ದೆ. ಯಾಕೆ ಎಂಬುದು ಶಾಲೆಯ ಸಿಪಾಯಿಯಿಂದ ಹಿಡಿದು ಹುಡುಗರವರೆಗೆ ಎಲ್ಲರಿಗೂ ಗೊತ್ತಿತ್ತು. ನನ್ನ ಹೆಂಡತಿ ಎರಡು ವರ್ಷದಿಂದ ಸಾತಾರಾ ಕಡೆಯ ಒಂದು ಕ್ಷಯದ ಆಸ್ಪತ್ರೆಯಲ್ಲಿ, ಗುಡ್ಡದ ಮೇಲೆ, ಕಬ್ಬಿಣದ ಮಂಚದಲ್ಲಿ ಮಲಗಿದ್ದಳು. ಆ ಗುಡ್ಡದ ಬುಡದ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರ ಜಾಗ ಖಾಲಿಯಾಗಿತ್ತು. ನನ್ನ ಅರ್ಜಿಗೆ ಅಲ್ಲಿಯವರು ಮರಾಠಿಯಲ್ಲಿ ಮೂರು ಸಾಲು ಉತ್ತರ ಬರೆದಿದ್ದರು: ನಿಮ್ಮ ಪಾಠವನ್ನು ಕಣ್ಣಾರೆ ನೋಡಿದ ಇನ್ಸ್‌ಪೆಕ್ಟರರ ಶಿಫಾರಸು ಪತ್ರ ಮೂರು ತಿಂಗಳೊಳಗೆ ನಮ್ಮ ಕೈಗೆ ಮುಟ್ಟಿದರೆ ಜಾಗ ನಿಮ್ಮದು.

ಆ ಒಂದು ಕಾಗದ ಸಿಕ್ಕರೆ ನಾನು ದಿನಾ ಸಂಜೆ ಗುಡ್ಡ ಹತ್ತಿ ಅವಳ ಮಗ್ಗುಲಿಗೆ ಕೂಡಬಹುದಿತ್ತು. ಸಿಗದಿದ್ದರೆ ಮತ್ತೆ ದೀಪಾವಳಿ ರಜೆ, ಮತ್ತೆ ಮೇ ತಿಂಗಳ ಸೂಟಿ. ವರ್ಷಕ್ಕೆ ಎರಡು ಸಲ, ಸಲಕ್ಕೆ ಮೂರು ದಿನ. ಇಷ್ಟೇ ಲೆಕ್ಕ.

"ಪ್ರೆಸೆಂಟ್ ಪರ್ಫೆಕ್ಟ್ ತಗೋರಿ" ಎಂದರು ಹೆಡ್‌ಮಾಸ್ತರರು. "ಸಾಹೇಬ್ರಿಗೆ ಅದರ ಮ್ಯಾಲೆ ಭಾಳ ಪ್ರೀತಿ. ಹೋದ ವರ್ಷ ಒಂದು ಸಾಲ್ಯಾಗ ಅದನ್ನ ಕೇಳಿ ಕೇಳಿ ಮಾಸ್ತರನ ಬೆವರ ಇಳಿಸ್ಯಾರ. ನಿಮಗ ಅದು ಕೈಗೆ ಹತ್ತೇದ. ಚಲೋತ್ನಾಗಿ ಒಂದು ಪಾಠ ಕಟ್ರಿ, ಮೂರ ಸಲ ಹುಡುಗರ ಕಡಿಂದ ಮಾಡಸ್ರಿ. ಆಮ್ಯಾಲ ನೋಡೂಣು."

ಕೈಗೆ ಹತ್ತಿತ್ತು, ನಿಜ. ಆದರೆ ಅದು ನಮ್ಮ ಹುಡುಗರ ಬಾಯಿಗೆ ಹತ್ತುವುದು ಸುಲಭವಲ್ಲ. ತಪ್ಪು ಅವರದಲ್ಲ, ನಮ್ಮ ಮಾತೇ ಹಾಗಿದೆ. ನಮ್ಮ ಕಡೆ 'ಅಪ್ಪ ನಿನ್ನಿ ಬಂದಾನ್ರಿ' ಎನ್ನುತ್ತೇವೆ. ನಿನ್ನೆ ಬಂದವನು ಇನ್ನೂ ಮನೆಯಲ್ಲಿದ್ದಾನೆ ಎಂಬುದೂ ಆ ಒಂದೇ ಮಾತಿನಲ್ಲಿ ಬಂದುಬಿಡುತ್ತದೆ. ಹುಡುಗರು ಅದನ್ನೇ ಎತ್ತಿ ಇಂಗ್ಲಿಷಿಗೆ ಇಟ್ಟು, 'ಮೈ ಫಾದರ್ ಹ್ಯಾಸ್ ಕಮ್ ಯೆಸ್ಟರ್ಡೇ' ಎನ್ನುತ್ತಿದ್ದರು. ಇಂಗ್ಲಿಷಿನವನು ಇದಕ್ಕೆ ಒಪ್ಪುವುದಿಲ್ಲ. ನಿನ್ನೆ ಎಂದು ಹೊತ್ತಿನ ಹೆಸರು ಹೇಳಿದೆಯೋ, ಅದು ಮುಗಿದುಹೋದ ಹೊತ್ತು. 'ಕೇಮ್' ಎಂದು ಹೇಳಿ ಬಾಗಿಲು ಹಾಕು ಎನ್ನುತ್ತಾನೆ. 'ಹ್ಯಾಸ್ ಕಮ್' ಎನ್ನಬೇಕೆಂದರೆ ಯಾವಾಗ ಬಂದ ಎಂಬುದನ್ನು ಬಿಡಬೇಕು. ಇಲ್ಲವೇ ಈ ಕ್ಷಣದವರೆಗೆ ಬಂದು ಮುಟ್ಟುವ ಮಾತುಗಳನ್ನೇ ಅದಕ್ಕೆ ಜೋಡಿಸಬೇಕು: ಈಗಷ್ಟೇ ಎನ್ನುವ ಜಸ್ಟ್, ಆಗಲೇ ಎನ್ನುವ ಆಲ್ರೆಡಿ, ಇನ್ನೂ ಇಲ್ಲ ಎನ್ನಲು ಯೆಟ್. ಇವುಗಳ ಜೊತೆ ಹುಡುಗರ ಪ್ರಾಣ ತಿನ್ನುವ ಜೋಡಿ ಒಂದಿದೆ, ಸಿನ್ಸ್ ಮತ್ತು ಫಾರ್. ಎರಡಕ್ಕೂ ಕನ್ನಡದಲ್ಲಿ ನಾವು 'ಇಂದ' ಎಂದೇ ಹೇಳುತ್ತೇವೆ. ಸೋಮವಾರದಿಂದ, ಮೂರು ದಿನದಿಂದ. ಹೀಗಾಗಿ ಹುಡುಗರು ಎರಡಕ್ಕೂ 'ಫ್ರಮ್' ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದರು.

ನಾನು ಬೋರ್ಡಿನ ಮೇಲೆ ಗೆರೆ ಎಳೆದು ನೋಡಿದ್ದೆ, ಆಗಿರಲಿಲ್ಲ. ಆಮೇಲೆ ಸಿಪಾಯಿಯ ಕೈಯಿಂದ ಬಾವಿ ಸೇದುವ ಹಗ್ಗ ತರಿಸಿದೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ವರ್ಗದ ನಡುವೆ ನಿಂತ ಹುಡುಗನ ಕೈಗೆ ಕೊಟ್ಟೆ. "ಆ ಗಂಟು ಸೋಮವಾರ. ನೀ ನಿಂತಿದ್ದು ಈಗ. ಎಲ್ಲಿಂದ ಅಂದ್ರ ಗಂಟ ತೋರ್ಸು, ಸಿನ್ಸ್ ಅನ್ನು. ಎಷ್ಟ ಉದ್ದ ಅಂದ್ರ ಹಗ್ಗ ಅಳಿ, ಫಾರ್ ಅನ್ನು. ಹಗ್ಗ ಕೈಯಾಗ ಇರೂತನಕ ಹ್ಯಾಸ್, ಹ್ಯಾವ್. ಕೈ ಬಿಟ್ಟಿ ಅಂದ್ರ ಕೇಮ್, ವೆಂಟ್" ಎಂದೆ. ಎರಡು ದಿನದಲ್ಲಿ ಮೂವತ್ತೆರಡು ಮಂದಿಯಲ್ಲಿ ಹತ್ತು ಮಂದಿಗೆ ಖರೆಯಾಗಿ ತಿಳಿಯಿತು. ಉಳಿದವರು ಹಗ್ಗ ಜಗ್ಗುವ ಸಂಭ್ರಮದಲ್ಲಿದ್ದರು.

ಹತ್ತು ಮಂದಿ ಸಾಲದು ಎಂದರು ಹೆಡ್‌ಮಾಸ್ತರರು. ಆಗಿನ ತನಿಖೆಯ ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಠವನ್ನು ಮೊದಲೇ ಕಟ್ಟಿ, ಪ್ರಶ್ನೆಗಳನ್ನು ಮೊದಲೇ ಹೇಳಿ, ಉತ್ತರಗಳನ್ನು ಹುಡುಗರಿಗೆ ಹಂಚಿ ಬಾಯಿಪಾಠ ಮಾಡಿಸುವುದು. ಸಾಹೇಬರ ಮುಂದೆ ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬರದವರು ಎಡಗೈ. ಮಾಸ್ತರ ಬಲಗೈಯವರನ್ನೇ ಎಬ್ಬಿಸಬೇಕು. ನನಗೆ ಈ ನಾಟಕ ಕಂಡರೆ ಮೈ ಉರಿಯುತ್ತಿತ್ತು. ಟ್ರೇನಿಂಗ್ ಮುಗಿಸಿ ಬಂದ ಹೊಸತರಲ್ಲಿ ಇದನ್ನು ನಾನು ಜನ್ಮದಲ್ಲಿ ಮಾಡುವುದಿಲ್ಲ ಎಂದು ಇದೇ ಹೆಡ್‌ಮಾಸ್ತರರ ಮುಂದೆ ದೊಡ್ಡ ಮಾತಾಡಿದ್ದೆ. ಈಗ ಬಾಯಿ ಮುಚ್ಚಿಕೊಂಡು ಹನ್ನೆರಡು ವಾಕ್ಯ ಬರೆದೆ, ಹನ್ನೆರಡು ಹುಡುಗರಿಗೆ ಹಂಚಿದೆ.

ವಾಕ್ಯಗಳನ್ನು ಗುರುವಾರಕ್ಕೆ ಸರಿಯಾಗುವಂತೆ ಹೊಲಿದಿದ್ದೆ. 'ಟುಡೇ ಈಸ್ ಥರ್ಸ್‌ಡೇ' ಎಂದು ಶುರು. 'ಸೋಮವಾರದಿಂದ ಮಳೆ ಬಂದಿಲ್ಲ' ಎಂದು ಒಬ್ಬ. 'ನಮ್ಮ ಹೆಡ್‌ಮಾಸ್ತರರು ಈಗಷ್ಟೇ ಧಾರವಾಡದಿಂದ ಬಂದಿದ್ದಾರೆ' ಎಂದು ಇನ್ನೊಬ್ಬ. ಅವರು ಬುಧವಾರ ಹೋಗಿ ಗುರುವಾರ ಬೆಳಿಗ್ಗೆ ಬರುವವರಿದ್ದರು. 'ನನ್ನ ಗೆಳೆಯ ಎರಡು ದಿನದಿಂದ ಶಾಲೆಗೆ ಬಂದಿಲ್ಲ' ಎನ್ನಲು ಒಬ್ಬ ಹುಡುಗನನ್ನು ಬುಧವಾರದಿಂದಲೇ ಮನೆಯಲ್ಲಿ ಕೂಡ್ರಿಸಿದೆ. ಅವನಷ್ಟು ಖುಷಿಯಾದ ವಿದ್ಯಾರ್ಥಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಲ್ಲ ವಾಕ್ಯಗಳೂ ಇಂಗ್ಲಿಷಿನಲ್ಲಿ, ಎಲ್ಲವೂ ಗುರುವಾರದ ಮಟ್ಟಿಗೆ ಸತ್ಯ. ಮನೆಗೆ ಹೋಗುವ ದಾರಿಯಲ್ಲೂ ಹುಡುಗರು ಅವನ್ನೇ ಹಾಡುತ್ತ ಹೋಗುತ್ತಿದ್ದರು.

ಅಂಚೆಯಲ್ಲಿ ನನಗೆ ಇನ್ನೊಬ್ಬ ವಿದ್ಯಾರ್ಥಿ ಇದ್ದಳು. ನನ್ನ ಹೆಂಡತಿಯೇ. ಅವಳು ನರಗುಂದದವಳು, ಕನ್ನಡ ಏಳನೆಯ ಇಯತ್ತೆಯವರೆಗೆ ಓದಿದವಳು. ಆಸ್ಪತ್ರೆಗೆ ಸೇರಿದ ಆರು ತಿಂಗಳಿಗೆ ಒಂದು ಪತ್ರ ಬರೆದಳು: 'ಡಾಕ್ಟರರು ದಿನಾ ನನ್ನ ಮಂಚದ ಕಾಲ ಕಡೆ ನಿಂತು ಸಿಸ್ಟರ್ ಜೋಡಿ ಇಂಗ್ಲಿಷಿನ್ಯಾಗ ಮಾತಾಡ್ತಾರ. ಮಾತು ನನ್ನ ಬಗ್ಗೆ. ನನಗೊಬ್ಬಾಕಿಗೇ ತಿಳಿಯೂದಿಲ್ಲ. ನನಗ ಇಂಗ್ಲಿಷ್ ಕಲಸ್ರಿ.' ಅಂದಿನಿಂದ ವಾರಕ್ಕೊಂದು ಪಾಠ ಬರೆದು ಕಳಿಸುತ್ತಿದ್ದೆ. ಅವಳು ಹತ್ತು ವಾಕ್ಯ ಬರೆದು ಕಳಿಸುತ್ತಿದ್ದಳು. ನಾನು ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಇಷ್ಟು ಎಂದು ಗುಣ ಹಾಕಿ ಮರಳಿಸುತ್ತಿದ್ದೆ.

ಆ ಶ್ರಾವಣದಲ್ಲಿ ಅವಳಿಗೂ ಇದೇ ಪಾಠ ನಡೆದಿತ್ತು. 'ಐ ಆಮ್ ಹಿಯರ್ ಫ್ರಮ್ ಟೂ ಇಯರ್ಸ್' ಎಂದು ಬರೆದಿದ್ದಳು. 'ಐ ಡಿಡ್ ನಾಟ್ ಸೀ ನರಗುಂದ ಹಿಲ್ ಸಿನ್ಸ್ ಟೂ ಇಯರ್ಸ್' ಎಂದು ಅದರ ಕೆಳಗೆ. ನಾನು ಹೊಡೆದು ಹಾಕಿ, ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್, ಐ ಹ್ಯಾವ್ ನಾಟ್ ಸೀನ್ ನರಗುಂದ ಹಿಲ್ ಫಾರ್ ಟೂ ಇಯರ್ಸ್ ಎಂದು ಸರಿಮಾಡಿ, ಹತ್ತಕ್ಕೆ ಆರು ಕೊಟ್ಟು ಕಳಿಸಿದೆ. ಮುಂದಿನ ಪತ್ರದ ಬುಡದಲ್ಲಿ ಕನ್ನಡದಲ್ಲಿ ಎರಡು ಸಾಲು ಬಂದವು: 'ತಪ್ಪು ತಿದ್ದಿದ್ದು ಮುಟ್ಟಿತು. ನರಗುಂದದ ಗುಡ್ಡ ಈಗ ಹ್ಯಾಂಗ ಕಾಣತದ ಅಂತ ನೀವು ಬರೀಲೇ ಇಲ್ಲ.' ಓದಿ ನಕ್ಕೆ. ಭಾನುವಾರ ನರಗುಂದದ ಬಸ್ಸು ಹತ್ತಿ, ಆ ಗುಡ್ಡವನ್ನು ನೋಡಿ, ಮಳೆಗೆ ಹಸಿರಾಗಿದೆ ಎಂದು ನಾಲ್ಕು ಸಾಲು ಬರೆದು ಹಾಕುವುದು ನನಗೆ ಏನು ಕಷ್ಟವಾಗಿತ್ತು? ಹೋಗಲಿಲ್ಲ. ಪಾಠ ಕಟ್ಟುವುದರಲ್ಲಿದ್ದೆ.

ಗುರುವಾರ ಬಂತು. ಹುಡುಗರು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದರು. ಹೆಡ್‌ಮಾಸ್ತರರು ಧಾರವಾಡದಿಂದ ಈಗಷ್ಟೇ ಬಂದು ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಬರಲಿಲ್ಲ. ಮಧ್ಯಾಹ್ನ ಪೋಸ್ಟಿನವನು ಸುದ್ದಿ ತಂದ. ತನಿಖೆಗೆ ಮುಂಚೆ ಸಾಹೇಬರು ರಾಮದುರ್ಗದ ಮಗಳ ಮನೆಗೆ ಹೋಗಿದ್ದರಂತೆ. ಮೇಲೆಲ್ಲೋ ಮಳೆ ಹೊಡೆದು ಮಲಪ್ರಭೆ ತುಂಬಿ, ಕೊಣ್ಣೂರಿನ ಸೇತುವೆಯ ಮೇಲೆ ನೀರು ಹರಿಯುತ್ತಿದೆ. ಸಾಹೇಬರ ಜೀಪು ಆಚೆ ದಂಡೆಯಲ್ಲಿ ನಿಂತಿದೆ. ನೀರು ಇಳಿದ ಕೂಡಲೇ ಬರುತ್ತಾರೆ.

"ಇವತ್ತ ಸಂಜಿಗೆ ಇಳೀತದ" ಎಂದರು ಹೆಡ್‌ಮಾಸ್ತರರು. ಇಳಿಯಲಿಲ್ಲ. ಶುಕ್ರವಾರ ಮಳೆ ನಮ್ಮ ಊರಿಗೂ ಬಂತು. ಬಂದದ್ದು ಬಿಡಲೇ ಇಲ್ಲ.

ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಅವಳ ಪತ್ರ ಬಂತು. ಈ ಸಲ ಇಂಗ್ಲಿಷ್ ವಾಕ್ಯಗಳಿರಲಿಲ್ಲ. ಸೋಮವಾರ ಆಪರೇಶನ್ ಎಂದು ಗೊತ್ತುಮಾಡಿದ್ದಾರೆ, ಎಡಗಡೆಯ ನಾಲ್ಕು ಪಕ್ಕೆಲುಬು ತೆಗೆಯುತ್ತಾರಂತೆ, ಹಾಗೆ ಮಾಡಿದರೆ ಆ ಕಡೆಯ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಕ್ಕು ರೋಗ ನಿಲ್ಲುತ್ತದಂತೆ. ಡಾಕ್ಟರರು ಹೇಳಿದ್ದು ಅರ್ಧ ತನಗೇ ತಿಳಿಯಿತು ಎಂದು ಸ್ವಲ್ಪ ಜಂಬದಿಂದಲೇ ಬರೆದಿದ್ದಳು. ಕೊನೆಯಲ್ಲಿ 'ನೀವು ಬರ್ರಿ' ಎಂದು ಬರೆದು, ಅದರ ಮೇಲೆ ಎರಡು ಗೀಟು ಎಳೆದಿದ್ದಳು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ, 'ಬರಬ್ಯಾಡ್ರಿ. ಸಾಹೇಬ್ರ ಕಾಗದ ತಗೊಂಡೇ ಬರ್ರಿ.'

ಪತ್ರ ಹಿಡಿದು ಹೆಡ್‌ಮಾಸ್ತರರ ಹತ್ತಿರ ಹೋದೆ. ಆ ದಿನ ಮಧ್ಯಾಹ್ನ ಮಲ್ಲಾಪುರ ಸ್ಟೇಶನ್ನಿಗೆ ಹೋಗಿ ಗಾಡಿ ಹಿಡಿದಿದ್ದರೆ ಸೋಮವಾರ ಬೆಳಿಗ್ಗೆ ನಾನು ಅವಳ ಮುಂದೆ ಇರುತ್ತಿದ್ದೆ. ಅವರು ಕನ್ನಡಕ ಏರಿಸಿ ಪತ್ರ ಓದಿದರು. ಕೆಟ್ಟ ಮನುಷ್ಯರಲ್ಲ ಅವರು, ಪತ್ರವನ್ನು ಜೋಪಾನವಾಗಿ ಮಡಿಚಿ ನನ್ನ ಕೈಗೆ ಕೊಟ್ಟರು.

"ನೀರು ಇಳಿಯಾಕ ಹತ್ತೇದಂತ. ಸಾಹೇಬ್ರು ಸೋಮವಾರ ಬಂದ್ರೂ ಬಂದ್ರ. ಬಂದಾಗ ನೀವಿಲ್ಲ ಅಂದ್ರ ಮುಂದಿನ ಸರ್ತಿ ಅವರು ಬರೂದು ಬರೂ ವರ್ಷಕ್ಕ. ಆಪರೇಶನ್ ದಿವಸ ನಿಮ್ಮನ್ನ ಒಳಗ ಬಿಡ್ತಾರೇನು? ಹೊರಗ ಬೆಂಚಿನ ಮ್ಯಾಲೆ ಕೂತು ಏನ ಮಾಡ್ತೀರಿ? ಕಾಗದ ಕೈಯಾಗ ಹಿಡಕೊಂಡು ಹೋಗ್ರಿ, ಆಮ್ಯಾಲ ಜನ್ಮಾ ಪೂರ್ತಿ ಆಕಿ ಮುಂದನs ಇರ್ರಿ. ಆಕಿನೂ ಅದನ್ನs ಬರದಾಳಲ್ಲ."

ಅವಳು ಅದನ್ನೇ ಬರೆದಿದ್ದಳು. ಆರು ವರ್ಷ ಹುಡುಗರ ನೋಟುಪುಸ್ತಕ ತಿದ್ದಿದ ಕಣ್ಣು ನನ್ನದು. ಹೊಡೆದು ಹಾಕಿದ್ದನ್ನು ಬಿಟ್ಟು, ಪಕ್ಕದಲ್ಲಿ ತಿದ್ದಿ ಬರೆದದ್ದನ್ನೇ ಉತ್ತರ ಎಂದು ಹಿಡಿಯುವ ರೂಢಿ. ಹಾಗೆಯೇ ಹಿಡಿದೆ. ಬೇರೆ ಯಾವ ಗಂಡನಾದರೂ ಆ ಎರಡು ಗೀಟಿನ ಕೆಳಗಿನದನ್ನು ಮೊದಲು ಓದುತ್ತಿದ್ದನೇನೋ. ನಾನು ಮಾಸ್ತರ. ಆಪರೇಶನ್ ಆದ ಕೂಡಲೇ ತಾರು ಕೊಡಿ ಎಂದು ಆಸ್ಪತ್ರೆಗೆ ಬರೆದು ಹಾಕಿ, ಊರಲ್ಲೇ ಉಳಿದೆ.

ಸೋಮವಾರ ಸಾಹೇಬರು ಬರಲಿಲ್ಲ. ಬೆಳಗಿನಿಂದ ನನಗೆ ಗಡಿಯಾರ ಬಿಟ್ಟು ಬೇರೇನೂ ಕಾಣಲಿಲ್ಲ. ಈಗ ಅವಳನ್ನು ಒಯ್ದಿರಬೇಕು. ಈಗ ಔಷಧ ಮೂಸಿಸಿರಬೇಕು. ಒಬ್ಬ ಹುಡುಗ ಎದ್ದು ಏನೋ ಕೇಳಿದ, ಅವನ ಬಾಯಿ ಆಡಿದ್ದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಸಂಜೆ ಪೋಸ್ಟಿಗೆ ಹೋದೆ. ಮಳೆಗೆ ತಂತಿ ಹರಿದಿದೆ, ಎರಡು ದಿನದಿಂದ ಯಾವ ತಾರೂ ಬಂದಿಲ್ಲ ಎಂದರು ಪೋಸ್ಟ್‌ಮಾಸ್ತರರು. ಅವರೇನೂ ತಪ್ಪು ಮಾಡಿರಲಿಲ್ಲ. ಆದರೂ ಅವರ ಮೇಲೆ ಹರಿಹಾಯ್ದು, ಆಮೇಲೆ ಕ್ಷಮಿಸಿರಿ ಎಂದು ಹೇಳಿ ಮನೆಗೆ ಬಂದೆ.

ಮಂಗಳವಾರ ಹತ್ತು ಗಂಟೆಗೆ ಸಾಹೇಬರ ಜೀಪು ಬಂತು. ಗಾಲಿ ಕಾಣದಷ್ಟು ಕೆಸರು ಮೆತ್ತಿತ್ತು. ಸಾಹೇಬರು ಎತ್ತರದ, ನರೆತ ಮೀಸೆಯ ಮನುಷ್ಯ. ಐದು ದಿನ ಹೊಳೆಯ ದಂಡೆಯಲ್ಲಿ ಕಾಲ ಕಳೆದದ್ದು ಮುಖದ ಮೇಲೆ ಕಾಣುತ್ತಿತ್ತು. ಚಹಾ ಕೂಡ ಕುಡಿಯದೆ ನೇರ ನನ್ನ ವರ್ಗಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಹೆಡ್‌ಮಾಸ್ತರರು ಅವರ ಪಕ್ಕಕ್ಕೆ ನಿಂತರು.

ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ. ಪಾಠವನ್ನು ಗುರುವಾರದ ನಂತರ ತೆಗೆದು ನೋಡಿಯೂ ಇರಲಿಲ್ಲ. ಹಗ್ಗ ಕಟ್ಟಿದೆ. ಮೊದಲ ಪ್ರಶ್ನೆ ಕೇಳಿದೆ. ಮೂವತ್ತೆರಡು ಕೈ ಮೇಲೆ ಹೋದವು. ಬಲಗೈಯ ಒಬ್ಬನನ್ನು ಎಬ್ಬಿಸಿದೆ.

"ಟುಡೇ ಈಸ್ ಥರ್ಸ್‌ಡೇ" ಎಂದ ಅವನು, ಎದೆ ಸೆಟೆಸಿ.

ನನಗೆ ಎಚ್ಚರವಾದದ್ದು ಆಗ. ಅಷ್ಟರಲ್ಲಿ ಎರಡನೆಯವನು ಎದ್ದಾಗಿತ್ತು. 'ಇಟ್ ಹ್ಯಾಸ್ ನಾಟ್ ರೇನ್ಡ್ ಸಿನ್ಸ್ ಮಂಡೇ.' ಅವನ ತಲೆಯ ಮೇಲೆಯೇ ಹೆಂಚಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಒಂದು ಕೈಯಿಂದ ಒರೆಸಿಕೊಳ್ಳುತ್ತಲೇ ಹೇಳಿದ. ಮೂರನೆಯವನು ಹೆಡ್‌ಮಾಸ್ತರರತ್ತ ಕೈ ತೋರಿಸಿ, ಅವರು ಈಗಷ್ಟೇ ಧಾರವಾಡದಿಂದ ಬಂದಿದ್ದಾರೆ ಎಂದ. ನಾಲ್ಕನೆಯವನು ತನ್ನ ಗೆಳೆಯ ಎರಡು ದಿನದಿಂದ ಶಾಲೆಗೆ ಬಂದಿಲ್ಲ ಎಂದ. ಆ ಗೆಳೆಯ ಅವನ ಮಗ್ಗುಲಲ್ಲೇ ಕುಳಿತು ಎಡಗೈ ಎತ್ತಿದ್ದ. ಯಾರೂ ನಗಲಿಲ್ಲ. ಮಕ್ಕಳು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಹೇಳುತ್ತಿದ್ದರು, ಅಷ್ಟೇ.

ಸಾಹೇಬರು ಹಿಂದಿನಿಂದ ಮೆಲ್ಲಗೆ ಕೇಳಿದರು: "ಮಾಸ್ತರ, ಇದು ಯಾವ ಗುರುವಾರ?"

ಹೆಡ್‌ಮಾಸ್ತರರ ಮುಖದಲ್ಲಿ ರಕ್ತ ಇರಲಿಲ್ಲ. ಸಾಹೇಬರು ಮುಂದುವರಿಸಿದರು. "ಎಡಗೈ ಎತ್ತಿದವ್ರೆಲ್ಲಾ ಕೈ ಇಳಸ್ರಿ. ನಾನೂ ಹನ್ನೆರಡ ವರ್ಷ ಮಾಸ್ತರಕಿ ಮಾಡೀನಿ."

ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನಿಸಿತು. ಕಾಗದ ಹೋಯಿತು ಎಂಬುದು ಮೊದಲು ಹೊಳೆದದ್ದು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ಐದು ದಿನದ ಹಿಂದಿನ ಮಾತನ್ನು ಇವತ್ತಿನದು ಎಂದು ಹೇಳಿಸುತ್ತ ನಾನು ಇಲ್ಲಿ ನಿಂತಿದ್ದೇನೆ, ಅವಳ ಇವತ್ತು ಏನಾಗಿದೆ ಎಂದು ನನಗೆ ಗೊತ್ತಿಲ್ಲ.

"ತಪ್ಪಾತ್ರಿ" ಎಂದೆ. "ಇದು ಗುರುವಾರಕ್ಕಂತ ಕಟ್ಟಿದ ಪಾಠ. ಇವರಿಗೆ ನಾ ಬಾಯಿಪಾಠ ಮಾಡಸೀನಿ. ಅರ್ಧಾ ತಾಸು ಕೊಡ್ರಿ. ಇವರಿಗೆ ಗೊತ್ತಿಲ್ಲದ್ದನ್ನ ನಿಮ್ಮ ಮುಂದನs ಕಲಸ್ತೀನಿ."

ಸಾಹೇಬರು ಗಡಿಯಾರ ನೋಡಿಕೊಂಡು ತಲೆ ಆಡಿಸಿದರು. ನಾನು ಬೋರ್ಡು ಒರೆಸಿದೆ. ಕಿಟಕಿಯ ಗಂಟು ಬಿಚ್ಚಿ ಹಗ್ಗವನ್ನು ಮುಂದಿನ ಬೆಂಚಿಗೆ ಕೊಟ್ಟೆ. "ಗುರುವಾರದಿಂದ ಇಲ್ಲೀತನಕ ನಿಮ್ಮ ಮನ್ಯಾಗ, ನಿಮ್ಮ ಊರಾಗ ಏನೇನ ಆಗೇದ? ನಿಮ್ಮ ನಿಮ್ಮ ದಿನಕ್ಕ ನೀವs ಗಂಟ ಹಾಕ್ರಿ. ಖರೇನs ಹೇಳ್ರಿ. ತಪ್ಪಿದ್ರ ತಪ್ಪಲಿ" ಎಂದೆ.

ಮೊದಲು ಯಾರೂ ಏಳಲಿಲ್ಲ. ಆಮೇಲೆ ಅಬ್ಬಿಗೇರಿಯಿಂದ ಬಂದು ಅತ್ತೆಯ ಮನೆಯಲ್ಲಿ ಉಳಿದು ಓದುತ್ತಿದ್ದ ಹುಡುಗಿ ಎದ್ದಳು. ಆ ವರ್ಗದಲ್ಲಿ ಇದ್ದ ಮೂವರು ಹುಡುಗಿಯರಲ್ಲಿ ಅವಳೇ ಮಾತಾಡುವವಳು. ಹಗ್ಗಕ್ಕೆ ಒಂದು ಗಂಟು ಹಾಕಿ, ಭಾನುವಾರದಿಂದ ನಮ್ಮ ಬಾವಿ ತುಂಬಿದೆ ಎಂದಳು. ಅವರ್ ವೆಲ್ ಈಸ್ ಫುಲ್ ಫ್ರಮ್ ಸಂಡೇ. ನಾನು ಹಗ್ಗದ ಗಂಟು ಮುಟ್ಟಿ ತೋರಿಸಿದೆ. ಅವಳು ಅದನ್ನೇ ನೋಡುತ್ತ 'ಹ್ಯಾಸ್ ಬೀನ್ ಫುಲ್' ಎಂದಳು, ಆಮೇಲೆ ನಿಧಾನವಾಗಿ 'ಸಿನ್ಸ್' ಎಂದಳು. ಅವಳ ಹಿಂದೆ ಒಬ್ಬ, ಮೂರು ದಿನದಿಂದ ಬಸ್ಸು ಬಂದಿಲ್ಲ ಎಂದ. ಫಾರ್ ಹಾಕಲು ಎರಡು ಸಲ ತಡವರಿಸಿದ, ಹಗ್ಗವನ್ನು ಮೊಳ ಹಾಕಿ ನೋಡಿದ ಮೇಲೆ ಬಂತು. ಯಾವಗಲ್ ಹಳ್ಳಿಯ ಹುಡುಗನೊಬ್ಬ ಎದ್ದ. ಅವನ ಅಣ್ಣ ಎತ್ತು ಕೊಳ್ಳಲು ಹೊಳೆಯ ಆಚೆ ಹೋಗಿದ್ದ. 'ಮೈ ಬ್ರದರ್ ಹ್ಯಾಸ್ ನಾಟ್ ಕಮ್ ಯೆಟ್' ಎಂದ. ಅಷ್ಟು ಹೇಳಿ ಕೂಡುವ ಬದಲು ಸಾಹೇಬರ ಕಡೆ ತಿರುಗಿ, "ಹೊಳಿ ಇಳದೈತೇನ್ರಿ, ನೀವು ದಾಟಿ ಬಂದೀರಲ್ಲ" ಎಂದು ಕನ್ನಡದಲ್ಲಿ ಕೇಳಿದ.

"ಇಳದದಪಾ. ಇವತ್ತ ಬರ್ತಾನ ನಿಮ್ಮಣ್ಣ" ಎಂದರು ಸಾಹೇಬರು. ಅವರು ಬೆಂಚಿನ ತುದಿಗೆ ಬಂದು ಕುಳಿತಿದ್ದರು.

ನನ್ನ ವರ್ಗದಲ್ಲಿ ಒಂದು ವಾಡಿಕೆ ಇತ್ತು. ಎಲ್ಲರದೂ ಆದ ಮೇಲೆ ಕೊನೆಯ ವಾಕ್ಯ ನಾನು ಹೇಳಬೇಕು, ಹುಡುಗರು ಅದನ್ನು ಒರೆಗೆ ಹಚ್ಚಬೇಕು. ಅಬ್ಬಿಗೇರಿಯ ಹುಡುಗಿ ಹಗ್ಗದ ತುದಿಯನ್ನು ನನ್ನ ಕಡೆ ಚಾಚಿ, "ನಿಮ್ಮದ್ರೀ ಸರ" ಎಂದಳು.

ತೆಗೆದುಕೊಂಡೆ. ಬೇರೆ ಯಾವ ವಾಕ್ಯವೂ ತಲೆಯಲ್ಲಿರಲಿಲ್ಲ. "ಮೈ ವೈಫ್ ಹ್ಯಾಸ್" ಎಂದೆ. ಮುಂದಕ್ಕೆ ಹೋಗಲು ಆಗಲಿಲ್ಲ. ಅವಳು ಇದ್ದಾಳೆ ಎಂದು ಖಾತ್ರಿ ಇದ್ದವನು ಮಾತ್ರ ಆ ವಾಕ್ಯ ಮುಗಿಸಬಲ್ಲ. ಆಪರೇಶನ್ ಆಗಿ ಇಪ್ಪತ್ತನಾಲ್ಕು ತಾಸಾಗಿತ್ತು, ನನಗೆ ಒಂದು ಅಕ್ಷರ ಸುದ್ದಿ ಇರಲಿಲ್ಲ. ಮೂವತ್ತೆರಡು ಹುಡುಗರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರಿಗೂ ಎಲ್ಲ ಗೊತ್ತಿತ್ತು. ಯಾರೂ ಕೈ ಎತ್ತಲಿಲ್ಲ.

ಹಗ್ಗವನ್ನು ಮೇಜಿನ ಮೇಲೆ ಇಟ್ಟು ಹಿಂದಿನ ಬೆಂಚಿಗೆ ಹೋದೆ. "ನನಗ ಇವತ್ತಿನ ಗಾಡಿಗೆ ಹೋಗಬೇಕ್ರಿ. ಹೆಂಡತಿಗೆ ನಿನ್ನೆ ಆಪರೇಶನ್ ಆಗೇದ" ಎಂದೆ.

ಹೆಡ್‌ಮಾಸ್ತರರು ನನ್ನ ತೋಳು ಹಿಡಿದರು. "ಇನ್ನs ಗಂಟಿ ಆಗಿಲ್ಲ. ಸಾಹೇಬ್ರು ನಾಳೆ ನಿಮ್ಮ ದಫ್ತರದಾಗಿನ ಪಾಠದ ಟಿಪ್ಪಣಿ ನೋಡಿ ಶಿಫಾರಸು ಬರೀಬೇಕು. ಅಷ್ಟ ಮುಗಿಸಿಕೊಂಡು ಹೋಗ್ರಿ. ಒಂದ ದಿವಸ."

ಸಾಹೇಬರು ನನ್ನನ್ನೇ ನೋಡಿದರು. "ಪಾಠ, ದಫ್ತರ, ತಿದ್ದಿದ ನೋಟುಬುಕ್ಕು, ಮೂರೂ ನೋಡದ ನಾ ಯಾರಿಗೂ ಶಿಫಾರಸು ಬರದಿಲ್ಲ, ಬರಿಯೂದೂ ಇಲ್ಲ. ನಿಮಗ ಗೊತ್ತದಲ್ಲ?"

"ಗೊತ್ತದರಿ. ಬರೀಬ್ಯಾಡ್ರಿ" ಎಂದೆ.

ಅವರು ದಾರಿ ಬಿಟ್ಟು ಸರಿದು ಕುಳಿತರು. ಆ ದಿನ ತನಿಖೆಯ ಪುಸ್ತಕದಲ್ಲಿ ಅವರು ಬರೆದದ್ದನ್ನು ಆಮೇಲೆ ಓದಿದೆ: 'ಮೊದಲರ್ಧ ಬಾಯಿಪಾಠ. ಉಳಿದರ್ಧ ಪಾಠ. ಮಾಸ್ತರರು ಗಂಟೆಗೆ ಮುಂಚೆ ವರ್ಗ ಬಿಟ್ಟರು.' ಮೂರೂ ಮಾತು ನಿಜ. ಗುಡ್ಡದ ಬುಡದ ಆ ಜಾಗಕ್ಕೆ ಮುಂದಿನ ತಿಂಗಳು ಬೇರೆಯವರು ಬಂದರು.

ಮಲ್ಲಾಪುರ ಸ್ಟೇಶನ್ನಿನ ದಾರಿಯಲ್ಲಿ ಟಾಂಗಾ ಓಡುವಂತಿರಲಿಲ್ಲ. ಎರೆಮಣ್ಣು ಹೆಜ್ಜೆ ಹೆಜ್ಜೆಗೆ ಕಾಲಿಗೆ ಮೆತ್ತಿ, ಒಂದೊಂದು ಕಾಲೂ ಕಲ್ಲು ಕಟ್ಟಿದ ಹಾಗಾಯಿತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಗದಗ, ಹುಬ್ಬಳ್ಳಿ, ಲೋಂಡಾ, ಮೀರಜ, ಪ್ರತಿಯೊಂದು ಕಡೆ ಗಾಡಿ ಬದಲಿಸುವಾಗಲೂ ತಾರು ಆಫೀಸು ಕಂಡಿತು. ಒಳಗೆ ಹೋಗಿ ಕೇಳಲು ಧೈರ್ಯ ಬರಲಿಲ್ಲ. ಶನಿವಾರ ನಾನು ಹೊರಟಿದ್ದರೆ ಈಗ ಎಲ್ಲಿರುತ್ತಿದ್ದೆ ಎಂದು ಗಾಡಿಯ ಗಾಲಿಗಳ ಜೊತೆ ಲೆಕ್ಕ ಹಾಕುತ್ತಲೇ ಇದ್ದೆ. ಅವಳ ದನಿ ನೆನಪಿಗೆ ತಂದುಕೊಳ್ಳಲು ನೋಡಿದೆ. ಮೇ ತಿಂಗಳಲ್ಲಿ ಕೇಳಿದ್ದು. ಪತ್ರದ ಅಕ್ಷರ ಕಣ್ಣಿಗೆ ಕಟ್ಟಿತು, ದನಿ ಬರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಗುರುವಾರ ಬೆಳಿಗ್ಗೆ ಗುಡ್ಡ ಹತ್ತಿದೆ. ಬಾಗಿಲಲ್ಲಿ ಸಿಸ್ಟರ್ ತಡೆದಳು. ಭೇಟಿ ಭಾನುವಾರ ಮಾತ್ರ, ಅದೂ ಮಧ್ಯಾಹ್ನ ಎಂದಳು. ನಾನು ಹೆಂಡತಿಯ ಹೆಸರು ಹೇಳಿದೆ. ಮೊಣಕಾಲಿನವರೆಗೆ ಮೆತ್ತಿ ಒಣಗಿದ್ದ ಕರಿ ಮಣ್ಣನ್ನು ಸಿಸ್ಟರ್ ಒಮ್ಮೆ ನೋಡಿ, ಐದು ನಿಮಿಷ ಎಂದು ಬೆರಳು ತೋರಿಸಿ ಒಳಗೆ ಕರೆದೊಯ್ದಳು. ಅಂದರೆ ಒಳಗೆ ಅವಳು ಇದ್ದಾಳೆ.

ಎದೆಯಿಂದ ಸೊಂಟದವರೆಗೆ ಪಟ್ಟಿ ಸುತ್ತಿದ್ದರು. ಮುಖ ಚಿಕ್ಕ ಹುಡುಗಿಯದಷ್ಟು ಸಣ್ಣದಾಗಿತ್ತು. ಕಣ್ಣು ತೆರೆದು ನನ್ನನ್ನು ನೋಡಿದಳು.

"ಕಾಗದ ಕೊಟ್ರೇನು?" ಎಂದಳು. ಉಸಿರಿನಷ್ಟೇ ದನಿ.

"ಇಲ್ಲ. ಇನ್ನ ಸಿಗೂದಿಲ್ಲ" ಎಂದೆ. ಹೊಳೆ ಬಂದದ್ದು, ಸಾಹೇಬರು ತಡವಾಗಿ ಬಂದದ್ದು, ದಫ್ತರ ತೋರಿಸದೆ ಹೊರಟದ್ದು, ಎಲ್ಲ ಒಂದರ ಮೇಲೊಂದು ಹೇಳತೊಡಗಿದೆ. ಅವಳು ಹಾಸಿಗೆಯ ಮೇಲಿನ ಬೆರಳು ಎತ್ತಿ ನನ್ನನ್ನು ನಿಲ್ಲಿಸಿದಳು.

"ಸಾಲಿಗೆ ಸೂಟಿ ಐತೇನು ಈಗ?"

"ಇಲ್ಲ."

"ಮತ್ತ?"

"ನಿನ್ನ ನೋಡಾಕ ಬಂದೆ."

ಅವಳು ಕಣ್ಣು ಮುಚ್ಚಿದಳು. ನೀರು ಕಣ್ಣಂಚಿನಿಂದ ಕಿವಿಯ ಕಡೆ ಇಳಿಯಿತು. ಕೈ ಎತ್ತಿ ಒರೆಸಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ, ನಾನೇ ಒರೆಸಿದೆ. ಸಿಸ್ಟರ್ ಬಂದು ಹೊತ್ತಾಯಿತು ಎಂದಳು. ನಾನು ಏಳುತ್ತಿದ್ದಂತೆ ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಎರಡ ವರ್ಷ ನಿಮ್ಮ ಸೂಟಿ ಬರ್ತಿತ್ತು. ಇವತ್ತ ನೀವು ಬಂದೀರಿ."